ಅಪ್ಪ ಗ್ಯಾನೊಡರ್ಮಾ ಅಣಬೆ ಕ್ಯಾಪ್ಸೂಲ್ ತಗೊಳ್ತಿದ್ದಾರೆ, ಪರವಾಗಿಲ್ವಾ?

ಕೊಬ್ಬರಿಮಿಠಾಯಿ · ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮೂರು ಅರಸೀಕೆರೆ ಹತ್ತಿರ, ನಾನಿರುವುದು ಬೆಂಗಳೂರಲ್ಲಿ. ಅಪ್ಪನಿಗೆ 68 ವರ್ಷ. ಆರು ವರ್ಷದ ಹಿಂದೆ ಹೃದಯದ ವಾಲ್ವ್ ತೆಗೆದು ಮೆಟಲ್ ವಾಲ್ವ್ ಹಾಕಿದ್ದಾರೆ. ಅವತ್ತಿನಿಂದ ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತಪ್ಪಿಸಿಲ್ಲ. ರಕ್ತ ಎಷ್ಟು ತೆಳುವಾಗಿದೆ ಅಂತ ನೋಡಲು ತಿಂಗಳಿಗೊಂದು ಐಎನ್‌ಆರ್ ಟೆಸ್ಟ್.

ಈ ಸಲ ಊರಿಗೆ ಹೋದಾಗ ದೇವರ ಗೂಡಿನಲ್ಲಿ ಕುಂಕುಮದ ಭರಣಿ ಪಕ್ಕ ಒಂದು ಬಿಳಿ ಡಬ್ಬಿ ಕಂಡಿತು. ಮೇಲೆ ಕೆಂಪು ಅಣಬೆ ಚಿತ್ರ. ಗ್ಯಾನೊಡರ್ಮಾ ಕ್ಯಾಪ್ಸೂಲ್. ನನ್ನ ಅತ್ತೆ ಮಗ, ಭಾವ ಅಂತಲೇ ಕರೆಯುತ್ತೇವೆ, ತಂದುಕೊಟ್ಟಿದ್ದಾನೆ. ಕೊಟ್ಟಿದ್ದಾನೆ ಅಂದರೆ ಮಾರಿದ್ದಾನೆ. 90 ಕ್ಯಾಪ್ಸೂಲಿಗೆ 1,900 ರೂಪಾಯಿ. ಅವನು ಯಾವುದೋ ಚೈನ್ ಕಂಪನಿಗೆ ಸೇರಿದ್ದಾನೆ, ಹೆಸರು ಬೇಡ. ಬೆಳಿಗ್ಗೆ ಎರಡು, ರಾತ್ರಿ ಎರಡು, ಮೂರು ವಾರದಿಂದ ನಡೆದಿದೆ.

ಡಾಕ್ಟರಿಗೆ ಹೇಳಿದ್ರಾ ಅಂತ ಕೇಳಿದೆ. "ಅಣಬೆ ತಾನೇ, ಅದನ್ನೇನು ಹೇಳೋದು" ಅಂದರು. ಭಾವನಿಗೆ ಫೋನ್ ಮಾಡಿದರೆ ಅವನದೂ ಅದೇ ಮಾತು: "ಇದು ಔಷಧಿ ಅಲ್ಲ ಕಣೆ, ಊಟ." ಸರಿ, ಊಟವೇ. ಆದರೆ ಜೊತೆಗೆ ಕೊಟ್ಟ ಚೀಟಿಯಲ್ಲಿ ಶುಗರ್, ಬಿಪಿ, ಕಿಡ್ನಿ, ಕ್ಯಾನ್ಸರ್ ಎಲ್ಲ ಇದೆ. ಊಟದ ಚೀಟಿಯಲ್ಲಿ ಕ್ಯಾನ್ಸರ್ ಯಾಕೆ ಬಂತು?

ಎರಡು ಪ್ರಶ್ನೆ. ಇದರಲ್ಲಿ ನಿಜವಾಗಿ ಏನಿದೆ? ಅಪ್ಪನ ಮಾತ್ರೆ ಜೊತೆ ತೆಗೆದುಕೊಳ್ಳಬಹುದಾ? ಒಂದು ಕ್ಯಾಪ್ಸೂಲಿನಲ್ಲಿ 300 ಮಿಲಿಗ್ರಾಂ ಪುಡಿ ಅಂತ ಬರೆದಿದೆ.

ಮಾತ್ರೆಡಬ್ಬಿ · ಭಾನುವಾರ ರಾತ್ರಿ 9.52

ನಾನು ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ಎರಡನೇ ಪ್ರಶ್ನೆಗೆ ಮೊದಲು ಉತ್ತರ. ನಾಳೆ ಬೆಳಿಗ್ಗೆಯೇ ವಾಲ್ವ್ ನೋಡುವ ಡಾಕ್ಟರಿಗೆ ಫೋನ್ ಮಾಡಿ, ಡಬ್ಬಿಯ ಫೋಟೋ ಕಳಿಸಿ. ಐಎನ್‌ಆರ್ ತಿಂಗಳು ತುಂಬುವವರೆಗೆ ಕಾಯಬೇಡಿ, ಈಗಲೇ ಮಾಡಿಸಿ. ಕ್ಯಾಪ್ಸೂಲ್ ಅಲ್ಲಿಯವರೆಗೆ ಪಕ್ಕಕ್ಕಿಡಿ. ಭಯಪಟ್ಟು ವಾರ್ಫರಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ. ಮೆಟಲ್ ವಾಲ್ವ್ ಇದ್ದವರಿಗೆ ಅದು ದೊಡ್ಡ ಅಪಾಯ.

ಒಸಡಲ್ಲಿ ರಕ್ತ, ಮೂಗಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಕಪ್ಪಗೆ ಮಲ, ಇದರಲ್ಲಿ ಯಾವುದಾದರೂ ಇದ್ದರೆ ನಾಳೆವರೆಗೂ ಕಾಯುವುದು ಬೇಡ.

ಬೇವಿನಹಿಂಡಿ · ಭಾನುವಾರ ರಾತ್ರಿ 10.15

ತಂಗೀ, ಅಪ್ಪ ಹುಷಾರಾಗಿರಲಿ. ಆದರೂ ಇದನ್ನು ಓದಿ ನನಗೆ ನಗು ತಡೆಯೋಕೆ ಆಗಲಿಲ್ಲ, ಕ್ಷಮಿಸು. ನಾನು ತಿಪಟೂರು ಕಡೆಯವನು, ತೆಂಗಿನ ತೋಟ. ಗ್ಯಾನೊಡರ್ಮಾ ಅಂದರೆ ನಮ್ಮ ಕಡೆ ಅಣಬೆ ರೋಗ! ಮರದ ಬುಡ ಕೊಳೆಸಿ ಕೊಲ್ಲುತ್ತದಲ್ಲ, ಅದೇ. ಅಡಿಕೆಗೂ ಬರುತ್ತದೆ. ವಿಜ್ಞಾನಿಗಳು ಇಂಗ್ಲಿಷಿನಲ್ಲಿ ಬರೆಯುವಾಗಲೂ ಅಡಿಕೆಯ ಈ ರೋಗಕ್ಕೆ 'ಅಣಬೆ ರೋಗ' ಅಂತಲೇ ಬರೆಯುತ್ತಾರೆ, ಕನ್ನಡದ ಹೆಸರು ಹಾಗೇ ನಿಂತಿದೆ.

ನನ್ನ ತೋಟದಲ್ಲಿ ನಾಲ್ಕು ವರ್ಷದಲ್ಲಿ ಹನ್ನೊಂದು ಮರ ಹೋಗಿದೆ. ಮೊದಲು ಕೆಳಗಿನ ಗರಿ ಜೋತು ಬೀಳುತ್ತದೆ, ಕಾಯಿ ಉದುರುತ್ತದೆ, ಬುಡದಲ್ಲಿ ಕೆಂಗಂದು ಅಂಟು ರಸ ಸೋರುತ್ತದೆ. ಅಣಬೆ ಕಾಣಿಸುವುದು ಕೊನೆಗೆ, ಅಷ್ಟೊತ್ತಿಗೆ ಒಳಗೆಲ್ಲ ಮುಗಿದಿರುತ್ತದೆ. ನೋಡೋಕೆ ಚಂದ ಬಿಡಿ. ಮೇಲೆ ಹೊಸದಾಗಿ ವಾರ್ನಿಶ್ ಹೊಡೆದ ಬಾಗಿಲಿನ ಹಾಗೆ ಹೊಳೆಯುತ್ತದೆ, ಅಂಚು ಬೆಣ್ಣೆ ಬಿಳುಪು. ಮುರಿಯೋಕೆ ಹೋದರೆ ಮರದ ಚಕ್ಕೆ. ಕುಡುಗೋಲಿನ ಹಿಂಬದಿಯಲ್ಲಿ ಬಡಿದೇ ಕೆಡವಬೇಕು.

ಇದನ್ನು 1,900 ಕೊಟ್ಟು ಕೊಳ್ಳುತ್ತಾರೆ ಅಂತ ಗೊತ್ತಿದ್ದರೆ ನಾನು ಒಲೆಗೆ ಹಾಕುತ್ತಿರಲಿಲ್ಲ.

ಪೇಪರ್‌ಹುಳು · ಭಾನುವಾರ ರಾತ್ರಿ 11.30

ಹಿಂಡಿ ಅಣ್ಣ, ಮಾರೋಕೆ ಹೋಗಬೇಡಿ. ಕುಲ ಒಂದೇ, ಆದರೆ ಗ್ಯಾನೊಡರ್ಮಾದಲ್ಲಿ ಜಾತಿಗಳು ಬಹಳ. ತೋಟದಲ್ಲಿ ಸಿಕ್ಕಿದ್ದನ್ನು ಕುದಿಸಿ ಕುಡಿಯುವುದಂತೂ ಬೇಡವೇ ಬೇಡ.

ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿದವಳು, ಈಗ ಬೇರೆ ಕೆಲಸ. ಪೇಪರ್ ಓದುವ ಚಟ ಬಿಟ್ಟಿಲ್ಲ. ಈ ಹೆಸರಿನ ಕಥೆಯೇ ಮಜಾ ಇದೆ. ಡಬ್ಬಿ ಮೇಲೆ 'ಗ್ಯಾನೊಡರ್ಮಾ ಲೂಸಿಡಮ್' ಅಂತ ಇರಬೇಕು, ಅಲ್ವಾ? ಆ ಹೆಸರು ಮೂಲದಲ್ಲಿ 1781ರಲ್ಲಿ ಇಂಗ್ಲೆಂಡಿನ ಒಂದು ಅಣಬೆಗೆ ಇಟ್ಟದ್ದು. ಚೀನಾದವರು ಲಿಂಗ್‌ಝಿ, ಜಪಾನಿನವರು ರೀಶಿ ಅನ್ನುವ ಅಣಬೆಗೂ ಅದೇ ಹೆಸರು ಅಂಟಿಕೊಂಡಿತು. ಆಮೇಲೆ ನೋಡಿದರೆ ಅದು ಬೇರೆ ಜಾತಿ. 2012ರಲ್ಲಿ ಅದಕ್ಕೆ ಗ್ಯಾನೊಡರ್ಮಾ ಲಿಂಗ್‌ಝಿ ಅಂತ ಹೆಸರಿಟ್ಟರು. ಮಾರುಕಟ್ಟೆಯಲ್ಲಿ ಹಳೇ ಹೆಸರೇ ಓಡುತ್ತಿದೆ.

ಚೀನಾದಲ್ಲಿ ಇದಕ್ಕೆ ಸುಮಾರು ಎರಡು ಸಾವಿರ ವರ್ಷದ ಹೆಸರಿದೆ. ಅಲ್ಲಿನ ಅತಿ ಹಳೆಯ ಮೂಲಿಕೆ ಗ್ರಂಥದಲ್ಲೇ ಬಣ್ಣದ ಲೆಕ್ಕದಲ್ಲಿ ಆರು ಬಗೆ ಹೇಳಿದ್ದಾರೆ. ಕಾಡಿನಲ್ಲಿ ಅಪರೂಪ, ಆದ್ದರಿಂದ ದೊಡ್ಡವರ ಸೊತ್ತು. 1970ರ ದಶಕದಲ್ಲಿ ಬೆಳೆಸುವ ವಿಧಾನ ಕೈಗೆ ಬಂದ ಮೇಲೆ ಎಲ್ಲರಿಗೂ ಸಿಗುವ ಹಾಗಾಯಿತು. ಈಗ ಮರದ ತುಂಡು, ಮರದ ಹೊಟ್ಟು ತುಂಬಿದ ಚೀಲದಲ್ಲಿ ಬೆಳೆಯುತ್ತಾರೆ. ನಮ್ಮಲ್ಲೂ ಹಿಮಾಚಲದ ಸೋಲನ್‌ನ ಅಣಬೆ ಸಂಶೋಧನಾ ನಿರ್ದೇಶನಾಲಯ ಇದರ ಬೇಸಾಯದ ಮೇಲೆ ಕೆಲಸ ಮಾಡಿದೆ.

ಈಗ ಒಳಗೆ ಏನಿದೆ ಅಂತ. ಒಣಗಿದ ರೀಶಿಯಲ್ಲಿ ಅರ್ಧಕ್ಕಿಂತ ಜಾಸ್ತಿ, ಹೆಚ್ಚುಕಡಿಮೆ ನೂರಕ್ಕೆ 59 ಪಾಲು, ನಾರು. ಪ್ರೋಟೀನ್ 7-8 ಪಾಲು. ಕೊಬ್ಬು 3ರಿಂದ 5. ಅಮ್ಮಂದಿರ ಲೆಕ್ಕದಲ್ಲಿ ಹೇಳುತ್ತೇನೆ. ಅಪ್ಪ ದಿನಕ್ಕೆ ನಾಲ್ಕು ಕ್ಯಾಪ್ಸೂಲ್, ಅಂದರೆ 1.2 ಗ್ರಾಂ ಪುಡಿ. ಅದರಲ್ಲಿ ಪ್ರೋಟೀನ್ 0.1 ಗ್ರಾಂ ಕೂಡ ಪೂರ್ತಿ ಇಲ್ಲ. ಒಂದು ಕಡಲೆಕಾಯಿ ಬೀಜದಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಒಂದು ಹಿಡಿ ಅಲ್ಲ, ಒಂದು ಬೀಜ. ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಂತ ಚೀಟಿಯಲ್ಲಿ ಬರೆದಿರುತ್ತಾರಲ್ಲ, ಅವೂ ಇರುತ್ತವೆ, ಇದೇ ಅಳತೆಯಲ್ಲಿ. 'ಪೋಷಕಾಂಶಗಳ ಗಣಿ' ಅನ್ನುವ ಮಾತು ಇಲ್ಲಿಗೇ ಮುಗಿಯಿತು.

ಹಾಗಾದರೆ ಇಷ್ಟು ಹೆಸರು ಯಾಕೆ? ಎರಡು ವಸ್ತುವಿನಿಂದ. ಒಂದು ಬೀಟಾ-ಗ್ಲೂಕನ್, ಅಣಬೆಯ ಕೋಶದ ಗೋಡೆಯಲ್ಲಿರುವ ಒಂದು ಬಗೆಯ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆ ಕಣಗಳ ಉದ್ದ ಸರಪಳಿ. ರೋಗನಿರೋಧಕ ಕೋಶಗಳು ಇದನ್ನು ಗುರುತಿಸಿ ಎಚ್ಚೆತ್ತುಕೊಳ್ಳುತ್ತವೆ. ಇನ್ನೊಂದು ಟ್ರೈಟರ್ಪಿನ್‌ಗಳು, ಗ್ಯಾನೊಡರಿಕ್ ಆಸಿಡ್ ಇತ್ಯಾದಿ, ನೂರಕ್ಕೂ ಮೇಲೆ ಗುರುತಿಸಿದ್ದಾರೆ. ಅಣಬೆಯ ಕಹಿ ಇವುಗಳದ್ದೇ. ಬೀಟಾ-ಗ್ಲೂಕನ್ ಬಿಸಿನೀರಿಗೆ ಇಳಿಯುತ್ತದೆ, ಟ್ರೈಟರ್ಪಿನ್‌ಗೆ ಆಲ್ಕೋಹಾಲ್ ಬೇಕು. ಸುಮ್ನೆ ಒಣಗಿಸಿ ಪುಡಿ ಮಾಡಿದ್ದಕ್ಕೂ, ಸಾರ ತೆಗೆದದ್ದಕ್ಕೂ ವ್ಯತ್ಯಾಸ ಇದೆ. ನಿಮ್ಮ ಡಬ್ಬಿಯಲ್ಲಿ ಯಾವುದು ಅಂತ ಬರೆದಿದೆಯಾ ನೋಡಿ.

ಸಿಂಗಪುರದ ಸುಬ್ಬಿ · ಸೋಮವಾರ ಬೆಳಿಗ್ಗೆ 6.20

ಕಹಿ ಅಂದಿರಲ್ಲ, ನಾನು ಕುಡಿದಿದ್ದೇನೆ! ಇಲ್ಲಿ ಚೈನೀಸ್ ಔಷಧಿ ಅಂಗಡಿಗಳಲ್ಲಿ ಲಿಂಗ್‌ಝಿಯನ್ನು ತೆಳ್ಳಗೆ ಸೀಳಿ ಗಾಜಿನ ಜಾಡಿಯಲ್ಲಿ ಇಟ್ಟಿರುತ್ತಾರೆ. ಒಣಗಿಸಿದ ಮಾವಿನಕಾಯಿ ಹೋಳಿನ ಥರ, ಆದರೆ ಕಂದು. ನಮ್ಮ ಪಕ್ಕದ ಮನೆ ಆಂಟಿ ನಾಲ್ಕೈದು ಚೂರನ್ನು ಕೆಂಪು ಖರ್ಜೂರದ ಜೊತೆ ಎರಡು ಗಂಟೆ ಕುದಿಸುತ್ತಾರೆ. ನನಗೆ ಕೆಮ್ಮು ಬಂದಾಗ ಒಂದು ಲೋಟ ಕೊಟ್ಟರು. ಹಾಗಲಕಾಯಿ ಕಹಿ ಅಲ್ಲ ಅದು, ನೆಲಬೇವಿನ ಕಹಿ. ಗಂಟಲಲ್ಲಿ ಇಳಿದ ಮೇಲೂ ನಾಲಿಗೆ ಹಿಂದೆ ಕೂತೇ ಇರುತ್ತದೆ. ಕೆಮ್ಮು ವಾರಕ್ಕೆ ಹೋಯಿತು. ಸಾಮಾನ್ಯವಾಗಿ ವಾರಕ್ಕೇ ಹೋಗುತ್ತದೆ ಬಿಡಿ.

ಆದರೆ ಒಂದು ಮಾತು. ಆಂಟಿಗೆ ಬೈಪಾಸ್ ಆದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, "ಮನೆಯಲ್ಲಿ ಏನೇನು ಕಷಾಯ ಕುಡಿಯುತ್ತೀರಿ?" ಆಂಟಿ ಪಟ್ಟಿ ಕೊಟ್ಟರು, ಲಿಂಗ್‌ಝಿ ಅವತ್ತೇ ನಿಂತಿತು. ಇಲ್ಲಿ ಹೇಳೋಕೆ ಯಾರಿಗೂ ಮುಜುಗರ ಇಲ್ಲ.

ಆರೋಗ್ಯವೇಭಾಗ್ಯ · ಸೋಮವಾರ ಬೆಳಿಗ್ಗೆ 8.05

ಗೊತ್ತಿಲ್ಲದೆ ಒಳ್ಳೆಯದನ್ನು ಹಾಳು ಮಾಡಬೇಡಿ. ನಾನು ಎಂಟು ವರ್ಷದಿಂದ ಈ ಫೀಲ್ಡಿನಲ್ಲಿದ್ದೇನೆ. ನಮ್ಮ ಅಕ್ಕನ ಶುಗರ್ 280 ಇದ್ದದ್ದು ಮೂರು ತಿಂಗಳಲ್ಲಿ 140ಕ್ಕೆ ಬಂತು, ರಿಪೋರ್ಟ್ ಇದೆ. ಇದರಲ್ಲಿ 400 ಬಗೆಯ ಅಂಶ ಇದೆ, ರಕ್ತಕ್ಕೆ ಆಮ್ಲಜನಕ ಕೊಡುವ ಆರ್ಗ್ಯಾನಿಕ್ ಜರ್ಮೇನಿಯಂ ಇದೆ. ಶುರುವಿನಲ್ಲಿ ಸ್ವಲ್ಪ ಭೇದಿ, ಮೈ ತುರಿಕೆ ಆದರೆ ಹೆದರಬಾರದು, ಅದು ವಿಷ ಹೊರಗೆ ಹೋಗುವ ಲಕ್ಷಣ. ಜಪಾನಿನಲ್ಲಿ ಅಣಬೆಯಿಂದ ಕ್ಯಾನ್ಸರ್ ಔಷಧಿಯನ್ನೇ ಮಾಡಿದ್ದಾರೆ, ಗೊತ್ತಾ? ಬೇಕಾದವರು ನನ್ನ ನಂಬರಿಗೆ ಕರೆ ಮಾಡಿ: [ನಿರ್ವಾಹಕರು ತೆಗೆದಿದ್ದಾರೆ]

ನಿರ್ವಾಹಕ · ಸೋಮವಾರ ಬೆಳಿಗ್ಗೆ 8.30

ಫೋನ್ ನಂಬರ್ ಹಾಕಿ ವ್ಯಾಪಾರ ಮಾಡುವಂತಿಲ್ಲ. ಚರ್ಚೆ ಮಾಡಿ, ಬೇಡ ಅನ್ನುವುದಿಲ್ಲ.

ಪೇಪರ್‌ಹುಳು · ಸೋಮವಾರ ಮಧ್ಯಾಹ್ನ 1.45

ಭಾಗ್ಯ ಅವರೇ, ಜಪಾನಿನ ಮಾತು ನಿಜ. ಆದರೆ ಅದು ಬೇರೆ ಅಣಬೆ. ಟರ್ಕಿ ಟೇಲ್ ಅನ್ನುವ ಅಣಬೆಯಿಂದ ತೆಗೆದ ಪಿಎಸ್‌ಕೆಗೆ 1977ರಲ್ಲಿ, ಶಿಟಾಕೆಯಿಂದ ತೆಗೆದ ಲೆಂಟಿನಾನ್‌ಗೆ 1985ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಕೊಡುವುದಕ್ಕೆ. ಲೆಂಟಿನಾನ್ ಅಂತೂ ಇಂಜೆಕ್ಷನ್. ಅದನ್ನು ತೋರಿಸಿ ಇದನ್ನು ಮಾರುವುದು, ಹಸುವಿನ ಹಾಲು ತೋರಿಸಿ ಎಮ್ಮೆ ಮಾರಿದ ಹಾಗೆ.

ರೀಶಿ ಮೇಲೇ ಆದ ಪರೀಕ್ಷೆಗಳನ್ನು ನೋಡೋಣ. ಕಾಕ್ರೇನ್ ಅಂತ ಒಂದು ಸಂಸ್ಥೆ, ಒಂದು ವಿಷಯದ ಮೇಲೆ ಆದ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ತೂಗುತ್ತದೆ. ಕ್ಯಾನ್ಸರ್ ಬಗ್ಗೆ 2016ರಲ್ಲಿ ಅವರಿಗೆ ಲೆಕ್ಕಕ್ಕೆ ಸಿಕ್ಕಿದ್ದು ಐದೇ ಪರೀಕ್ಷೆ, ಒಟ್ಟು 373 ಜನ. ಕೀಮೋ ಅಥವಾ ರೇಡಿಯೇಷನ್ ಜೊತೆ ರೀಶಿ ತೆಗೆದುಕೊಂಡವರಲ್ಲಿ ಚಿಕಿತ್ಸೆಗೆ ಸ್ಪಂದಿಸಿದವರು ಸ್ವಲ್ಪ ಜಾಸ್ತಿ ಕಂಡರು. ಬರೀ ರೀಶಿಯಿಂದ ಗಡ್ಡೆ ಕರಗಿದ್ದು ಕಾಣಲಿಲ್ಲ. ಪರೀಕ್ಷೆಗಳ ಗುಣಮಟ್ಟವೂ ಅಷ್ಟಕ್ಕಷ್ಟೆ. ಮೊದಲ ಚಿಕಿತ್ಸೆಯಾಗಿ ಇದನ್ನು ಬಳಸಲು ಆಧಾರ ಸಾಲದು ಅಂದರು.

ಶುಗರ್, ಬಿಪಿ, ಕೊಲೆಸ್ಟ್ರಾಲ್‌ಗೆ 2015ರಲ್ಲಿ ಇನ್ನೊಂದು ವರದಿ. ಐದು ಪರೀಕ್ಷೆ, 398 ಜನ. ಹೃದಯದ ಅಪಾಯ ಕಡಿಮೆ ಆಗುತ್ತದೆ ಅನ್ನಲು ಆಧಾರ ಇಲ್ಲ. ಮರುವರ್ಷ ಆಸ್ಟ್ರೇಲಿಯಾದವರು ಸಕ್ಕರೆ ಕಾಯಿಲೆ ಇದ್ದ 84 ಜನರನ್ನು ಗುಂಪು ಮಾಡಿ, 16 ವಾರ ಕೆಲವರಿಗೆ ದಿನಕ್ಕೆ 3 ಗ್ರಾಂ, ಇನ್ನು ಕೆಲವರಿಗೆ ಔಷಧಿ ಇಲ್ಲದ ಸುಳ್ಳು ಮಾತ್ರೆ ಕೊಟ್ಟು ನೋಡಿದರು. ವ್ಯತ್ಯಾಸ ಇಲ್ಲ. ಅಪ್ಪ ತೆಗೆದುಕೊಳ್ಳುತ್ತಿದ್ದುದರ ಎರಡೂವರೆ ಪಟ್ಟು ಅದು!

ನಿಮ್ಮ ಅಕ್ಕನ ಶುಗರ್ ಇಳಿದದ್ದು ಸುಳ್ಳು ಅನ್ನುತ್ತಿಲ್ಲ. ಆ ಮೂರು ತಿಂಗಳು ಅವರು ಅನ್ನ ಕಡಿಮೆ ಮಾಡಿದ್ರಾ, ವಾಕಿಂಗ್ ಹೋದ್ರಾ, ಡಾಕ್ಟರು ಮಾತ್ರೆ ಬದಲಿಸಿದ್ರಾ? ಅದಕ್ಕೇ ಸುಳ್ಳು ಮಾತ್ರೆಯ ಗುಂಪು ಬೇಕಾಗುವುದು.

ಜರ್ಮೇನಿಯಂ ವಿಷಯ. ದೇಹಕ್ಕೆ ಬೇಕೇ ಬೇಕಾದ ಖನಿಜಗಳ ಪಟ್ಟಿಯಲ್ಲಿ ಅದಿಲ್ಲ. ಜರ್ಮೇನಿಯಂ ಮಾತ್ರೆ ತಿಂಗಳುಗಟ್ಟಲೆ ತಿಂದು ಕಿಡ್ನಿ ಕೆಟ್ಟವರ ವರದಿಗಳು ಜಪಾನಿನಿಂದಲೇ ಬಂದಿವೆ. ಅಣಬೆಯಲ್ಲಿರುವುದು ಲೆಕ್ಕಕ್ಕೆ ಸಿಗದಷ್ಟು ಸ್ವಲ್ಪ, ಹಾಗಾಗಿ ತೊಂದರೆ ಇಲ್ಲ. ಉಪಯೋಗವೂ ಇಲ್ಲ.

ಆರೋಗ್ಯವೇಭಾಗ್ಯ · ಸೋಮವಾರ ಮಧ್ಯಾಹ್ನ 2.10

ಇದೆಲ್ಲ ಇಂಗ್ಲಿಷ್ ಔಷಧಿ ಕಂಪನಿಗಳು ಬರೆಸುವುದು. ಎರಡು ಸಾವಿರ ವರ್ಷದಿಂದ ಜನ ದಡ್ಡರಾ?

ಪೇಪರ್‌ಹುಳು · ಸೋಮವಾರ ಮಧ್ಯಾಹ್ನ 2.25

ದಡ್ಡರಲ್ಲ. ಅವರು ವಾರ್ಫರಿನ್ ಜೊತೆ ಕುಡಿಯುತ್ತಿರಲಿಲ್ಲ, ಅಷ್ಟೇ. ಇನ್ನೊಂದು, ಅವರ ಕೈಗೆ ಬರುತ್ತಿದ್ದುದು ಇಡೀ ಅಣಬೆ. ಡಬ್ಬಿಯೊಳಗೆ ಏನಿದೆ ಅಂತ ನಮಗೆ ಹೇಗೆ ಗೊತ್ತು? ಅಮೆರಿಕದಲ್ಲಿ ಮಾರುವ 19 ರೀಶಿ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಒಂದು ಪೇಪರ್ ಬಂತು. ಲೇಬಲ್‌ಗೆ ಸರಿಯಾಗಿ ಇದ್ದದ್ದು 5 ಮಾತ್ರ. ಕೆಲವದರಲ್ಲಿ ಟ್ರೈಟರ್ಪಿನ್ ಇಲ್ಲವೇ ಇಲ್ಲ, ಇದ್ದ ಪಾಲಿಸ್ಯಾಕರೈಡ್ ಪಿಷ್ಟದ ಥರ ಇತ್ತು.

ಮಾತ್ರೆಡಬ್ಬಿ · ಸೋಮವಾರ ಸಂಜೆ 7.15

ಅಂಗಡಿಯಲ್ಲಿ ಜನ ಇದ್ದರು, ಈಗ ಬಿಡುವಾಯಿತು.

'ವಿಷ ಹೊರಗೆ ಹೋಗುವ ಲಕ್ಷಣ' ಅನ್ನುವ ಮಾತಿಗೆ ನನಗೆ ಸಿಟ್ಟು ಬರುತ್ತದೆ. ಯಾವ ಪದಾರ್ಥ ತಿಂದು ಭೇದಿ, ತುರಿಕೆ ಆದರೂ ಮೊದಲು ನಿಲ್ಲಿಸಬೇಕು. ಇದನ್ನು ಒಳ್ಳೆಯ ಲಕ್ಷಣ ಅಂತ ನಂಬಿಸಿದರೆ ಮನುಷ್ಯ ನಿಲ್ಲಿಸುವುದಿಲ್ಲ, ಡೋಸ್ ಜಾಸ್ತಿ ಮಾಡುತ್ತಾನೆ. ರೀಶಿ ಪುಡಿ ತೆಗೆದುಕೊಂಡವರಲ್ಲಿ ಲಿವರ್ ಕೆಟ್ಟ ಪ್ರಕರಣಗಳು ಹಾಂಗ್‌ಕಾಂಗ್ ಮತ್ತು ಥಾಯ್ಲೆಂಡಿನಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ, ಒಬ್ಬರು ತೀರಿಕೊಂಡರು. ಅಪರೂಪ, ನಿಜ. ಆದರೆ ಕಣ್ಣು ಹಳದಿ ಆಗುವುದನ್ನೂ 'ವಿಷ ಹೋಗ್ತಿದೆ' ಅಂತ ಕಾದು ಕೂತರೆ ಏನಾಗುತ್ತದೆ ಯೋಚಿಸಿ.

ರಕ್ತದ ವಿಷಯ ನ್ಯಾಯವಾಗಿ ಹೇಳಬೇಕು. ಪ್ರಯೋಗಾಲಯದಲ್ಲಿ ರೀಶಿಯ ಅಂಶಗಳು, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟುವುದನ್ನು ತಡೆಯುತ್ತವೆ. ಆದರೆ 2005ರ ಒಂದು ಪರೀಕ್ಷೆಯಲ್ಲಿ ಆರೋಗ್ಯವಂತರಿಗೆ ನಾಲ್ಕು ವಾರ ದಿನಕ್ಕೆ 1.5 ಗ್ರಾಂ ಕೊಟ್ಟಾಗ ರಕ್ತ ಹೆಪ್ಪುಗಟ್ಟುವುದರಲ್ಲಿ ಬದಲಾವಣೆ ಕಾಣಲಿಲ್ಲ. ಹಾಗಾದರೆ ಪರವಾಗಿಲ್ಲ ಅಂತಲಾ? ಅಲ್ಲ. ಅವರು ವಾರ್ಫರಿನ್ ಮೇಲೆ ಇದ್ದವರಲ್ಲ. ವಾರ್ಫರಿನ್ ಅಂದರೆ ಸೊಪ್ಪು ದಿಢೀರ್ ಜಾಸ್ತಿ ತಿಂದರೂ ಏರುಪೇರಾಗುವ ಮಾತ್ರೆ. ಮೆಟಲ್ ವಾಲ್ವ್ ಇದ್ದವರು ಹೊಸದಾಗಿ ಏನನ್ನೇ ಶುರು ಮಾಡಿದರೂ ಡಾಕ್ಟರಿಗೆ ಗೊತ್ತಿರಬೇಕು. ಕಿಡ್ನಿ ಕಸಿ ಆದವರಿಗೆ ಇನ್ನೂ ಸೂಕ್ಷ್ಮ. ಅವರ ರೋಗನಿರೋಧಕ ಶಕ್ತಿಯನ್ನು ಬೇಕಂತಲೇ ತಗ್ಗಿಸಿರುತ್ತಾರೆ, ಇದು ಎಬ್ಬಿಸುತ್ತದೆ ಅನ್ನುತ್ತಾರಲ್ಲ. ಆಪರೇಷನ್‌ಗೆ ದಿನ ಗೊತ್ತಾದವರೂ ಮೊದಲೇ ಹೇಳಬೇಕು.

ಕೊಬ್ಬರಿಮಿಠಾಯಿ, ಡಬ್ಬಿಯಲ್ಲಿ ಫುಡ್ ಲೈಸೆನ್ಸಿನ 14 ಅಂಕಿಯ ನಂಬರ್ ಇದೆಯಾ ನೋಡಿ. ಇದ್ದರೂ ಅದು ಆಹಾರ ಅಂತ ಲೈಸೆನ್ಸ್, ಕೆಲಸ ಮಾಡುತ್ತದೆ ಅನ್ನುವ ಸರ್ಟಿಫಿಕೇಟ್ ಅಲ್ಲ. ಅಲ್ಲೇ ಎಲ್ಲೋ 'ಔಷಧಿಯಾಗಿ ಬಳಸಲು ಅಲ್ಲ' ಅಂತ ಇಂಗ್ಲಿಷಿನಲ್ಲಿ ಇರಬೇಕು, ನಿಯಮ ಇದೆ.

ಹುಲ್ಲುಮೂಟೆ · ಸೋಮವಾರ ರಾತ್ರಿ 8.50

ಶಿರಸಿ ಕಡೆಯವ, ಮನೆ ಹಿಂದಿನ ಕೊಟ್ಟಿಗೆಯಲ್ಲಿ ಚಿಪ್ಪಣಬೆ ಬೆಳೆಯುತ್ತೇನೆ. ಬೀಜ ತರುವುದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ.

ಪೋಷಕಾಂಶ ಬೇಕು ಅಂದರೆ ತಿನ್ನುವ ಅಣಬೆ ತಿನ್ನಿ ಮಾರಾಯ್ರೆ. 100 ಗ್ರಾಂ ಹಸಿ ಚಿಪ್ಪಣಬೆಯಲ್ಲಿ ನೀರೇ 90 ಗ್ರಾಂ ಹತ್ತಿರ. ಆದರೂ 3 ಗ್ರಾಂ ಮೇಲೆ ಪ್ರೋಟೀನ್, 420 ಮಿಲಿಗ್ರಾಂ ಪೊಟ್ಯಾಸಿಯಂ, ನಯಾಸಿನ್ ಸುಮಾರು 5 ಮಿಲಿಗ್ರಾಂ. ಬೀಟಾ-ಗ್ಲೂಕನ್ ಇದರಲ್ಲೂ ಇದೆ. 1,900 ರೂಪಾಯಿಗೆ ನಮ್ಮ ಕಡೆ ಏಳೆಂಟು ಕಿಲೋ ಬರುತ್ತದೆ.

ಒಂದು ಗುಟ್ಟು ಹೇಳುತ್ತೇನೆ. ಅಣಬೆಯನ್ನು ಸೀಳಿ ಮಧ್ಯಾಹ್ನದ ಬಿಸಿಲಿಗೆ ಒಂದು ಗಂಟೆ ಇಡಿ. ಅದರಲ್ಲಿರುವ ಎರ್ಗೋಸ್ಟೆರಾಲ್ ವಿಟಮಿನ್ ಡಿ2 ಆಗುತ್ತದೆ. ಕೊಟ್ಟಿಗೆ ಕತ್ತಲಲ್ಲಿ ಬೆಳೆದದ್ದರಲ್ಲಿ ಅದು ಇಲ್ಲವೇನೋ ಅನ್ನುವಷ್ಟು ಕಡಿಮೆ. ನನ್ನ ಹೆಂಡತಿ ಮೊರದಲ್ಲಿ ಹರವಿ ಹಪ್ಪಳದ ಪಕ್ಕ ಇಡುತ್ತಾಳೆ. ಆಮೇಲೆ ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಪಲ್ಯ. ಬರೀ ಬಾಣಲೆಗೆ ಹಾಕಿ ನೀರು ಬಿಟ್ಟುಕೊಂಡು ಇಂಗುವವರೆಗೂ ಎಣ್ಣೆ ಹಾಕಬಾರದು, ಇಲ್ಲದಿದ್ದರೆ ರಬ್ಬರ್.

ಸಿಂಗಪುರದ ಸುಬ್ಬಿ · ಸೋಮವಾರ ರಾತ್ರಿ 9.30

ಮಳೆಗಾಲದಲ್ಲಿ ಹುತ್ತದ ಅಣಬೆ ಸಾರು ನೆನಪಾಗಿ ಹೊಟ್ಟೆ ಉರಿಯಿತು. ಇನ್ನು ಮಲಗುತ್ತೇನೆ.

ಕೊಬ್ಬರಿಮಿಠಾಯಿ · ಬುಧವಾರ ರಾತ್ರಿ 8.10

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಓಡಾಟ.

ಸೋಮವಾರವೇ ಅಪ್ಪನ ಕ್ಯಾಪ್ಸೂಲ್ ನಿಲ್ಲಿಸಿದೆ. ಮಂಗಳವಾರ ಐಎನ್‌ಆರ್ ಬಂತು, 4.3. ಅಂಕಿ ಏರಿದಷ್ಟೂ ರಕ್ತ ತೆಳು. ಅಪ್ಪನಿಗೆ ಇರಬೇಕಾದ್ದು 2.5ರಿಂದ 3.5. ಹೋದ ತಿಂಗಳು 2.9 ಇತ್ತು. ರಕ್ತಸ್ರಾವ ಏನೂ ಇಲ್ಲ. ಆದರೆ ಮೊಣಕೈ ಹತ್ತಿರ ಒಂದು ನೀಲಿ ಕಲೆ ಇತ್ತು, "ಪಂಪ್‌ಸೆಟ್ ಬಾಗಿಲು ತಗುಲಿತು" ಅಂತ ಯಾರಿಗೂ ಹೇಳಿರಲಿಲ್ಲ. ಡಾಕ್ಟರು ವಾರ್ಫರಿನ್ ಡೋಸ್ ಸರಿಮಾಡಿ, ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ ಅಂದರು. ಅಣಬೆಯಿಂದಲೇ ಏರಿತು ಅಂತ ಅವರು ಹೇಳಲಿಲ್ಲ. ಹಲ್ಲು ನೋವಿಗೆ ಅಪ್ಪ ನಡುವೆ ಐದು ದಿನ ಆಂಟಿಬಯೋಟಿಕ್ ತೆಗೆದುಕೊಂಡಿದ್ದಾರೆ, ಅದೂ ಇರಬಹುದಂತೆ. ನನಗೆ ಭಾವನ ಮೇಲೇ ಹಾಕಬೇಕು ಅಂತ ಆಸೆ ಇತ್ತು, ಆಗಲಿಲ್ಲ.

ಡಬ್ಬಿ ತಿರುಗಿಸಿ ನೋಡಿದೆ. 14 ಅಂಕಿ ಇದೆ. ಔಷಧಿಯಾಗಿ ಬಳಸಲು ಅಲ್ಲ ಅಂತಲೂ ಇದೆ, ಬೆಲೆಯ ಸ್ಟಿಕರ್ ಅದರ ಅರ್ಧ ಮುಚ್ಚಿದೆ. ಸಾರ ಅಂತ ಎಲ್ಲೂ ಇಲ್ಲ, ಬರೀ ಪುಡಿ. ಅದನ್ನೇ ಭಾವನಿಗೆ ಫೋಟೋ ಹೊಡೆದು ಕಳಿಸಿದೆ. ಉತ್ತರ ಇಲ್ಲ. ಅತ್ತೆ ಮಾತ್ರ ಫೋನ್ ಮಾಡಿ, "ಅವನು ಒಳ್ಳೇದಕ್ಕೇ ಕೊಟ್ಟಿದ್ದು ಕಣೆ, ಸಾಲ ಮಾಡಿ ಇಪ್ಪತ್ತು ಡಬ್ಬಿ ತಂದಿಟ್ಟುಕೊಂಡಿದ್ದಾನೆ" ಅಂತ ಅತ್ತರು. ಅದಕ್ಕೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಮಾತ್ರೆಡಬ್ಬಿ · ಬುಧವಾರ ರಾತ್ರಿ 8.35

ಡಾಕ್ಟರು ಹೇಳಿದ್ದು ಸರಿ. ಆಂಟಿಬಯೋಟಿಕ್‌ನಿಂದ ಐಎನ್‌ಆರ್ ಏರುವುದು ನಾವು ಆಗಾಗ ನೋಡುವುದೇ. ಯಾವುದರಿಂದ ಏರಿತು ಅಂತ ಇನ್ನು ಬಿಡಿಸೋಕೆ ಆಗುವುದಿಲ್ಲ.

ಭಾವನ ಡಬ್ಬಿಗಳ ವಿಷಯ: ನೇರ ಮಾರಾಟಕ್ಕೆ 2021ರಲ್ಲಿ ಕೇಂದ್ರದ ನಿಯಮ ಬಂದಿದೆ, ಜನರನ್ನು ಸೇರಿಸಿದ್ದಕ್ಕೆ ದುಡ್ಡು ಕೊಡುವ ಪಿರಮಿಡ್ ಸ್ಕೀಮ್‌ಗೆ ಅವಕಾಶ ಇಲ್ಲ. ಮಾರದೆ ಉಳಿದದ್ದನ್ನು ವಾಪಸ್ ತಗೊಳ್ಳುತ್ತಾರಾ ಅಂತ ಕಂಪನಿಗೆ ಬರವಣಿಗೆಯಲ್ಲಿ ಕೇಳಲಿ. ಕ್ಯಾನ್ಸರ್ ವಾಸಿಯಾಗುತ್ತದೆ ಅನ್ನುವ ಚೀಟಿ ಹಂಚುವುದನ್ನು ಮಾತ್ರ ಇವತ್ತೇ ನಿಲ್ಲಿಸಲಿ. ಇಂಥ ಔಷಧಿ ಜಾಹೀರಾತು ತಡೆಯುವ 1954ರ ಕಾಯ್ದೆ ಪ್ರಕಾರ ಅದು ಅಪರಾಧ. ಸಿಕ್ಕಿಬೀಳುವುದು ಕಂಪನಿಯವರಿಗಿಂತ ಮೊದಲು ಅವನು.

ಕೊಬ್ಬರಿಮಿಠಾಯಿ · ಬುಧವಾರ ರಾತ್ರಿ 9.05

ಅತ್ತೆಗೆ ಹೇಳುತ್ತೇನೆ, ನನ್ನ ಮಾತು ಅವನು ಕೇಳುವುದಿಲ್ಲ.

ಹಿಂಡಿ ಅಣ್ಣ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಮೊದಲು ನಕ್ಕರು. ಆಮೇಲೆ ಸುಮ್ಮನಾದರು. ಬಾವಿ ಪಕ್ಕದ ಎರಡು ಮರದಲ್ಲಿ ಗರಿ ಜೋತು ಬಿದ್ದಿದೆಯಂತೆ, ನೀರು ಕಡಿಮೆ ಆಗಿ ಹಾಗಾಗಿದೆ ಅಂದುಕೊಂಡಿದ್ದರಂತೆ. ಒಂದರ ಬುಡದಲ್ಲಿ ಅಂಟು ರಸವೂ ಇದೆಯಂತೆ. ಏನು ಮಾಡಬೇಕು ಅಂತ ಕೇಳು ಅಂದರು. ಕ್ಯಾಪ್ಸೂಲ್ ವಿಷಯಕ್ಕಿಂತ ಇದಕ್ಕೇ ಜಾಸ್ತಿ ತಲೆ ಕೆಡಿಸಿಕೊಂಡಿದ್ದಾರೆ.

ಬೇವಿನಹಿಂಡಿ · ಬುಧವಾರ ರಾತ್ರಿ 9.20

ಮೊದಲು ಆ ಎರಡು ಮರದ ಸುತ್ತ ಎರಡಡಿ ಆಳ, ಒಂದಡಿ ಅಗಲ ಕಾಲುವೆ ತೋಡಿಸಿ, ಬೇರಿನಿಂದ ಬೇರಿಗೆ ದಾಟಬಾರದು. ಆ ಮರದ ಬುಡದ ನೀರು ಪಕ್ಕದ ಮರಕ್ಕೆ ಹರಿಯಬಾರದು. ಹಾಯಿಸಿ ನೀರು ಬಿಡುತ್ತಿದ್ದರೆ ನಿಲ್ಲಿಸಿ. ಬುಡದ ಹತ್ತಿರ ಉಳುಮೆ ಬೇಡ, ಬೇರಿಗೆ ಗಾಯ ಆದರೆ ಅಲ್ಲಿಂದಲೇ ನುಗ್ಗುತ್ತದೆ. ಸುತ್ತಲಿನ ಮರಗಳಿಗೆ ವರ್ಷಕ್ಕೆ ತಲಾ 5 ಕಿಲೋ ಬೇವಿನ ಹಿಂಡಿ, ಅದಕ್ಕೆ ಟ್ರೈಕೋಡರ್ಮಾ ಬೆರೆಸಿ ಹಾಕಿ. ಅದೂ ಶಿಲೀಂಧ್ರವೇ, ಆದರೆ ನಮ್ಮ ಕಡೆಯದು. ಬೇರಿನ ಮೂಲಕ ಔಷಧಿ ಕೊಡುವುದನ್ನು ತೋಟಗಾರಿಕೆ ಇಲಾಖೆಯವರನ್ನು ಕರೆಸಿ, ನೋಡಿಸಿಯೇ ಮಾಡಿ.

ರಸ ನೆಲದಿಂದ ಎಷ್ಟು ಎತ್ತರದವರೆಗೆ ಬಂದಿದೆ? ಅದರ ಮೇಲೆ ಮರ ಉಳಿಯುತ್ತದಾ ಇಲ್ವಾ ಹೇಳಬಹುದು.

ಕೊಬ್ಬರಿಮಿಠಾಯಿ · ಬುಧವಾರ ರಾತ್ರಿ 9.48

ಟಾರ್ಚ್ ಹಿಡಿದು ಹೋಗಿ ನೋಡಿಕೊಂಡು ಬಂದರು, ಈ ಹೊತ್ತಲ್ಲಿ ಬೇಡ ಅಂದರೂ ಕೇಳಲಿಲ್ಲ. ಟೇಪು ಸಿಗಲಿಲ್ಲವಂತೆ. ಒಂದರಲ್ಲಿ ಮೂರು ಗೇಣು, ಇನ್ನೊಂದರಲ್ಲಿ ಇನ್ನೂ ರಸ ಇಲ್ಲ.